ಒಂದು ಹಗಲಿಗೆ ಒಂದೇ ಊರು

ಫ್ಲಾರೆನ್ಸ್ ನಗರದ ಸಾಂತಾ ಮರಿಯಾ ನೊವೆಲ್ಲಾ ರೈಲು ನಿಲ್ದಾಣ; ಬೆಳಗಿನ ಎಂಟು ಗಂಟೆ. 1935ರಲ್ಲಿ ಕಟ್ಟಿ ಮುಗಿಸಿದ ಆ ವಿಶಾಲವಾದ ಹಜಾರದಲ್ಲಿ, ರೈಲುಗಳ ವೇಳೆಯನ್ನು ಸಾರುವ ಫಲಕದ ಕೆಳಗೆ, ಕನ್ನಡ ನಾಡಿನಿಂದ ಬಂದ ಒಂದು ಸಂಸಾರ ನಿಂತಿದೆಯೆಂದು ಭಾವಿಸಬಹುದು. ಯಜಮಾನರ ಕೈಯಲ್ಲಿ ಒಂದು ಪಟ್ಟಿ: ಪೀಸಾ, ಲುಕ್ಕಾ, ಸಿಯೆನಾ, ಸಾನ್ ಜಿಮಿನ್ಯಾನೊ, ಅರೆತ್ಸೊ. ಮನೆಯಾಕೆಯ ಒಂದು ಕೈಯಲ್ಲಿ ನೀರಿನ ಸೀಸೆ, ಇನ್ನೊಂದು ಕೈಯಲ್ಲಿ ಆರು ವರ್ಷದ ಮಗ. ಹನ್ನೆರಡು ವರ್ಷದ ಮಗಳಿಗೆ ವಾಲುಗೋಪುರವನ್ನು ಹತ್ತುವ ಹಂಬಲ. ಅಜ್ಜಿಗೆ ಮೊಣಕಾಲು ನೋವು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವರದಲ್ಲ. ಐದು ಊರನ್ನೂ ಎರಡು ದಿನಗಳಲ್ಲಿ ಮುಗಿಸಬೇಕೆಂಬುದು ಯಜಮಾನರ ಸಂಕಲ್ಪ.

ಹಟ ಹಿಡಿದರೆ ಈ ಸಂಕಲ್ಪ ಬಹುಮಟ್ಟಿಗೆ ನೆರವೇರಲೂಬಹುದು. ರೈಲು ಉಂಟು, ಬಸ್ಸು ಉಂಟು, ಬೇಸಗೆಯಲ್ಲಿ ಹಗಲೂ ದೀರ್ಘ. ಆದರೆ ನೆರವೇರಿದ ಮೇಲೆ ಉಳಿಯುವುದೇನು? ಐದು ನಿಲ್ದಾಣಗಳ ನೆನಪು, ನಾಲ್ಕು ಸಲ ಓಡಿ ಹಿಡಿದ ಬಸ್ಸು, ಒಂದು ಹಿಡಿ ಚಿತ್ರ. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ, ಎಷ್ಟೋ ಆಸೆಗಳನ್ನು ಹಿಂದಕ್ಕೆ ಸರಿಸಿ ಕೈಗೊಂಡ ಯಾತ್ರೆ ಅದು; ಬಹಳ ಮಂದಿಗೆ ಬಾಳಿನಲ್ಲಿ ಒಮ್ಮೆಯೇ ಒದಗುವಂಥದು. ಆದುದರಿಂದ ಫ್ಲಾರೆನ್ಸಿನ ಸುತ್ತಣ ಸಂಚಾರದಲ್ಲಿ ಯಾವುದನ್ನು ನೋಡಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬ ವಿವೇಕವೇ ಮುಖ್ಯವಾದುದು.

ಮೊದಲು ದಿನಗಳ ಲೆಕ್ಕ

ಫ್ಲಾರೆನ್ಸ್ ನಗರವೇ ಮೂರು ಪೂರ್ಣ ದಿನಗಳನ್ನು ಬೇಡುತ್ತದೆ. ಬ್ರುನೆಲ್ಲೆಸ್ಕಿಯ ಗುಮ್ಮಟವಿರುವ ಮಹಾದೇವಾಲಯ, ಉಫೀತ್ಸಿ ಚಿತ್ರಶಾಲೆ, ಮೈಕೆಲೇಂಜೆಲೋನ ದಾವೀದನ ವಿಗ್ರಹವಿರುವ ಅಕಾದೆಮಿಯಾ, ಆರ್ನೋ ನದಿಯ ಹಳೆಯ ಸೇತುವೆ, ಆಚೆಯ ದಡದ ಅರಮನೆ ಮತ್ತು ಉದ್ಯಾನ, ಇವುಗಳನ್ನು ಮನಸ್ಸಿಟ್ಟು ನೋಡಲು ಅದಕ್ಕಿಂತ ಕಡಿಮೆ ಸಾಲದು. ಒಟ್ಟು ಐದು ದಿನ ತಂಗುವವರು ಹೊರ ಊರಿಗೆ ಎರಡು ದಿನ ಕೊಡಬಹುದು. ನಾಲ್ಕು ದಿನ ತಂಗುವವರಿಗೆ ಒಂದೇ ದಿನ. ಮೂರು ದಿನಕ್ಕೆ ಬಂದವರು ಊರು ಬಿಟ್ಟು ಹೊರಡದಿರುವುದೇ ಲೇಸು.

ಹೊರಡುವುದಕ್ಕೆ ಸೋಮವಾರ ಪ್ರಶಸ್ತವಾದ ದಿನ. ಉಫೀತ್ಸಿ ಮತ್ತು ಅಕಾದೆಮಿಯಾ ಎರಡಕ್ಕೂ ಅಂದು ರಜೆ. ಪೀಸಾದ ಗೋಪುರವೋ ಸೋಮವಾರವೂ ತೆರೆದಿರುತ್ತದೆ; ಸಿಯೆನಾದ ಚೌಕಕ್ಕೆ, ಲುಕ್ಕಾದ ಕೋಟೆಗೋಡೆಗೆ ಬಾಗಿಲೇ ಇಲ್ಲ. ಈ ಸಣ್ಣ ಲೆಕ್ಕವನ್ನು ಮನೆಯಲ್ಲಿಯೇ ಹಾಕಿಕೊಂಡು ಬಂದರೆ, ಮುಚ್ಚಿದ ಬಾಗಿಲ ಮುಂದೆ ನಿಂತು ಒಂದು ಬೆಳಗನ್ನು ಕಳೆದುಕೊಳ್ಳುವುದು ತಪ್ಪುತ್ತದೆ.

ಕಣಿವೆಗೆ ರೈಲು, ಗುಡ್ಡಕ್ಕೆ ಬಸ್ಸು

ಟಸ್ಕನಿ ಪ್ರಾಂತದ ಹಳೆಯ ಊರುಗಳಲ್ಲಿ ಎರಡು ಬಗೆ. ಕೆಲವು ಬಯಲಲ್ಲಿ ಅಥವಾ ಕಣಿವೆಯ ಅಂಚಿನಲ್ಲಿ ಇವೆ. ಕೆಲವು ಶತ್ರುಭಯಕ್ಕೆ ಅಂಜಿ ಗುಡ್ಡವೇರಿ ಕುಳಿತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಾಗ ಅದು ಸಹಜವಾಗಿ ಬಯಲಿನ ದಾರಿಯನ್ನೇ ಹಿಡಿಯಿತು. ಫ್ಲಾರೆನ್ಸಿನಿಂದ ಪೀಸಾದ ಮೂಲಕ ಲಿವೋರ್ನೊ ರೇವಿನವರೆಗಿನ ಮಾರ್ಗ 1848ರಲ್ಲಿ ಪೂರ್ಣವಾಯಿತು. ಇಂದಿಗೂ ಪ್ರವಾಸಿಗನ ಪಂಚಾಂಗ ಇಷ್ಟೇ: ಪ್ರಾತೊ, ಪಿಸ್ತೋಯಾ, ಲುಕ್ಕಾ, ಪೀಸಾ, ಅರೆತ್ಸೊ, ಇವಕ್ಕೆ ರೈಲು. ಸಿಯೆನಾ, ಸಾನ್ ಜಿಮಿನ್ಯಾನೊ, ಫಿಯೆಸೊಲೆ, ಇವಕ್ಕೆ ಬಸ್ಸು. ಒಂದೇ ದಿನಕ್ಕೆ ಕಣಿವೆಯ ಊರೊಂದನ್ನೂ ಗುಡ್ಡದ ಊರೊಂದನ್ನೂ ಗಂಟುಹಾಕಿದವರು ಆ ದಿನದ ಬಹುಭಾಗವನ್ನು ಬಸ್ಸಿನ ಕಟ್ಟೆಯ ಮೇಲೆಯೇ ಕಳೆಯುತ್ತಾರೆ.

ಪೀಸಾ ಮತ್ತು ಲುಕ್ಕಾ

ಒಂದು ಹಗಲಿಗೆ ಒಂದೇ ಊರೆಂಬ ನಿಯಮಕ್ಕೆ ಇರುವ ಒಂದೇ ಒಂದು ವಿನಾಯಿತಿ ಈ ಜೋಡಿ. ಫ್ಲಾರೆನ್ಸಿನಿಂದ ಪೀಸಾಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಪೀಸಾದಿಂದ ಲುಕ್ಕಾಕ್ಕೆ ಅರ್ಧ ಗಂಟೆ. ಲುಕ್ಕಾದಿಂದ ಪಿಸ್ತೋಯಾ ಮಾರ್ಗವಾಗಿ ಫ್ಲಾರೆನ್ಸಿಗೆ ಮರಳಲು ಒಂದು ಗಂಟೆ ಇಪ್ಪತ್ತು ನಿಮಿಷದಷ್ಟು. ಹೋದ ದಾರಿಯಲ್ಲೇ ಹಿಂತಿರುಗದೆ ಒಂದು ಸುತ್ತು ಬಂದಂತಾಗುತ್ತದೆ.

ಪೀಸಾದ ಗೋಪುರ ಮಹಾದೇವಾಲಯದ ಗಂಟೆಗೋಪುರ. 1173ರಲ್ಲಿ ಆರಂಭವಾದ ಕಟ್ಟಡ ಮೂರನೆಯ ಅಂತಸ್ತಿಗೆ ಏರುವಷ್ಟರಲ್ಲಿಯೇ ಮೆತ್ತನೆಯ ನೆಲದೊಳಗೆ ಒಂದು ಪಕ್ಕಕ್ಕೆ ಕುಸಿಯತೊಡಗಿತು. ಯುದ್ಧಗಳಿಂದಾಗಿ ಕೆಲಸ ನಡುನಡುವೆ ದಶಕಗಟ್ಟಲೆ ನಿಂತುಹೋದುದೇ ಅದರ ಪುಣ್ಯ. ಆ ಬಿಡುವಿನಲ್ಲಿ ಮಣ್ಣು ಗಟ್ಟಿಯಾಗದಿದ್ದರೆ ಗೋಪುರ ಅಂದೇ ಉರುಳುತ್ತಿತ್ತೆಂದು ಬಲ್ಲವರು ಹೇಳುತ್ತಾರೆ. 1990ರ ಜನವರಿಯಲ್ಲಿ ಅಪಾಯವೆಂದು ಮುಚ್ಚಿ, ಎತ್ತರದ ಪಕ್ಕದ ಅಡಿಯಿಂದ ಸ್ವಲ್ಪಸ್ವಲ್ಪವಾಗಿ ಮಣ್ಣು ತೆಗೆದು, ವಾಲನ್ನು ಅರ್ಧ ಡಿಗ್ರಿಯಷ್ಟು ತಗ್ಗಿಸಿ, 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು.

ಮೇಲೇರಲು ಗೊತ್ತಾದ ವೇಳೆಯ ಟಿಕೆಟ್ಟನ್ನು ಮುಂಚಿತವಾಗಿ ಕೊಳ್ಳಬೇಕು. ಕೈಚೀಲಗಳನ್ನು ಕೆಳಗೇ ಒಪ್ಪಿಸಬೇಕು. ಎಂಟು ವರ್ಷಕ್ಕೆ ಕಡಿಮೆಯ ಮಕ್ಕಳನ್ನು ಬಿಡುವುದಿಲ್ಲ. ಹದಿನೆಂಟಕ್ಕೆ ಕಡಿಮೆಯವರು ದೊಡ್ಡವರ ಜೊತೆಯಲ್ಲಿಯೇ ಹೋಗಬೇಕು. ನಿಲ್ದಾಣದಲ್ಲಿ ನಿಂತ ನಮ್ಮ ಸಂಸಾರಕ್ಕೆ ಇದು ಮೊದಲೇ ತಿಳಿದಿದ್ದರೆ ಮಗಳೂ ತಂದೆಯೂ ಹತ್ತುವಾಗ ತಾಯಿಯೂ ಅಜ್ಜಿಯೂ ಹುಡುಗನೊಡನೆ ಪಕ್ಕದ ಬ್ಯಾಪ್ಟಿಸ್ಟರಿಗೆ ಹೋಗಬಹುದು. ಅಲ್ಲಿ ಕಾವಲುಗಾರ ಆಗಾಗ ಗುಮ್ಮಟದ ಕೆಳಗೆ ನಿಂತು ಕೆಲವು ಸ್ವರಗಳನ್ನು ಹಾಡುತ್ತಾನೆ; ಸ್ವರ ಸ್ವರದ ಮೇಲೆ ಕೂಡಿ ಇಡೀ ಮಂಟಪವೇ ಹಾಡಿದಂತೆ ಕೇಳಿಸುತ್ತದೆ. ತಿಳಿಯದೆ ಹೋದರೆ ಗೋಪುರದ ಬಾಗಿಲಲ್ಲಿ ಹುಡುಗನ ಅಳು, ಮಗಳ ಮುನಿಸು, ಒಂದು ಮಧ್ಯಾಹ್ನದ ನಷ್ಟ.

ಗೋಪುರವನ್ನು ಕೈಯಿಂದ ತಡೆದು ಹಿಡಿದಂತೆ ಚಿತ್ರ ತೆಗೆಸಿಕೊಂಡು ಹೊರಟುಬಿಡುವವರೇ ಬಹಳ. ಅದೇ ಹುಲ್ಲುಹಾಸಿನ ಅಂಚಿನಲ್ಲಿರುವ ಕಾಂಪೊಸಾಂತೊ ಎಂಬ ಸಮಾಧಿಪ್ರಾಂಗಣಕ್ಕೆ ಕಾಲಿಡುವವರು ವಿರಳ. 1944ರ ಜುಲೈನಲ್ಲಿ ಯುದ್ಧದ ಗುಂಡಿನಿಂದ ಅದರ ಚಾವಣಿಗೆ ಬೆಂಕಿ ಹತ್ತಿ, ಸೀಸ ಕರಗಿ ಗೋಡೆಯ ಮೇಲಿಳಿದು, ಹದಿನಾಲ್ಕನೆಯ ಶತಮಾನದ ಭಿತ್ತಿಚಿತ್ರಗಳು ಹಾಳಾದವು. ಮೃತ್ಯುವಿನ ವಿಜಯವೆಂಬ ಮಹಾಚಿತ್ರ ದುರಸ್ತಿಯಾಗಿ ತನ್ನ ಗೋಡೆಗೆ ಮರಳಿದುದು 2018ರಲ್ಲಿ. ಎಪ್ಪತ್ತು ವರ್ಷಗಳ ಆ ತಾಳ್ಮೆಯ ಮುಂದೆ ಪ್ರವಾಸಿಗನು ಅರ್ಧ ಗಂಟೆ ನಿಲ್ಲಲಾರದೆ ಹೋದರೆ ನಷ್ಟ ಯಾರಿಗೆ?

ಲುಕ್ಕಾ ಅಜ್ಜಿಯರ ಮತ್ತು ಮಕ್ಕಳ ಊರು. ಏರಿಳಿತವಿಲ್ಲ, ಊರನ್ನು ಸುತ್ತುವರಿದ ನಾಲ್ಕು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ಕೋಟೆಗೋಡೆಯ ನೆತ್ತಿಯೇ ಮರಗಳ ನೆರಳಿನ ಹೆದ್ದಾರಿಯಂತಿದೆ. ಬಾಡಿಗೆಯ ಸೈಕಲ್ ಹತ್ತಿ ಒಂದು ಸುತ್ತು ಬರಬಹುದು. ಆಗದವರು ಬೆಂಚಿನ ಮೇಲೆ ಕುಳಿತು ಒಳಗಿನ ಹಿತ್ತಿಲುಗಳನ್ನು ನೋಡಬಹುದು. ಶತ್ರುವಿಗಾಗಿ ಕಟ್ಟಿದ ಈ ಗೋಡೆ ಎಂದೂ ಮುತ್ತಿಗೆ ಕಾಣಲಿಲ್ಲ. ಆದರೆ 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಬಾಗಿಲುಗಳನ್ನು ಮುಚ್ಚಿ ಊರನ್ನು ಪ್ರವಾಹದಿಂದ ಕಾಪಾಡಿತು. ಸಂಗೀತಕಾರ ಪುಚ್ಚೀನಿ ಹುಟ್ಟಿದುದು ಇಲ್ಲಿ, 1858ರಲ್ಲಿ. ರೋಮನರ ಕಾಲದ ರಂಗಸ್ಥಳದ ಅಡಿಪಾಯದ ಮೇಲೆಯೇ ಮನೆಗಳೆದ್ದು ಅಂಡಾಕಾರವಾಗಿ ಉಳಿದ ಚೌಕವೊಂದಿದೆ. ನೆತ್ತಿಯ ಮೇಲೆ ಓಕ್ ಮರಗಳನ್ನು ಹೊತ್ತ ಗೋಪುರವೊಂದಿದೆ. ಪೀಸಾದಲ್ಲಿ ಬೆಳಗು, ಲುಕ್ಕಾದಲ್ಲಿ ಸಂಜೆ. ಇದಕ್ಕೆ ಮೂರನೆಯದನ್ನು ಸೇರಿಸಬಾರದು.

ಸಿಯೆನಾ

ಸಿಯೆನಾಕ್ಕೆ ರೈಲೂ ಉಂಟು. ಆದರೆ ಅದು ಗುಡ್ಡದ ಬುಡದಲ್ಲಿ ಇಳಿಸುತ್ತದೆ. ಅಲ್ಲಿಂದ ಚಲಿಸುವ ಮೆಟ್ಟಿಲುಗಳ ಸಾಲನ್ನು ಹಿಡಿದು ಮೇಲೇರಬೇಕು. ಫ್ಲಾರೆನ್ಸಿನ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುವ ವೇಗದ ಬಸ್ಸು ಒಂದೂಕಾಲು ಗಂಟೆಯಷ್ಟರಲ್ಲಿ ಊರಿನ ಮೇಲುಭಾಗಕ್ಕೇ ತಲುಪಿಸುತ್ತದೆ. ನಿಧಾನದ ಬಸ್ಸೂ ಅದೇ ಊರಿನ ಹೆಸರು ಹೊತ್ತು ನಿಂತಿರುವುದುಂಟು. ಹತ್ತುವ ಮೊದಲು ಕೇಳುವುದು ಒಳ್ಳೆಯದು.

ಊರಿನ ನಡುವಣ ಕಾಂಪೊ ಚೌಕ ಬಿಚ್ಚಿದ ಬೀಸಣಿಗೆಯಂತೆ ಇಳಿಜಾರಾಗಿ ಹರಡಿದೆ. ಅದರ ಇಟ್ಟಿಗೆ ನೆಲವನ್ನು ಒಂಬತ್ತು ಭಾಗ ಮಾಡಿದುದು 1287ರಿಂದ 1355ರವರೆಗೆ ನಗರವನ್ನಾಳಿದ ಒಂಬತ್ತು ಮಂದಿಯ ಸಭೆಯ ನೆನಪಿಗೆ. ಆ ಒಂಬತ್ತು ಮಂದಿ ಸೇರುತ್ತಿದ್ದ ಕೋಣೆಯ ಗೋಡೆಗಳ ಮೇಲೆ 1338-39ರಲ್ಲಿ ಅಂಬ್ರೋಜೊ ಲೊರೆಂತ್ಸೆತ್ತಿ ಒಳ್ಳೆಯ ಆಡಳಿತವನ್ನೂ ಕೆಟ್ಟ ಆಡಳಿತವನ್ನೂ ಎದುರುಬದುರಾಗಿ ಚಿತ್ರಿಸಿದನು. ಒಂದು ಕಡೆ ಕುಣಿಯುವ ಜನ, ಮನೆ ಕಟ್ಟುವ ಕೆಲಸಗಾರರು, ಮಾಗಿದ ಹೊಲ. ಇನ್ನೊಂದು ಕಡೆ ಪಾಳುಬಿದ್ದ ಬೀದಿ, ಸುಟ್ಟ ಊರು. ಆಳುವವರು ತಲೆಯೆತ್ತಿದಾಗಲೆಲ್ಲ ಎರಡೂ ಕಣ್ಣಿಗೆ ಬೀಳಬೇಕೆಂಬುದೇ ಉದ್ದೇಶ. ಹತ್ತೇ ವರ್ಷಗಳಲ್ಲಿ, 1348ರಲ್ಲಿ, ಮಹಾಮಾರಿ ಬಂದಿತು. ಮಹಾದೇವಾಲಯವನ್ನು ಜಗತ್ತಿನ ಅತಿ ದೊಡ್ಡ ದೇವಾಲಯಗಳ ಸಾಲಿಗೆ ಸೇರಿಸಲು ಆರಂಭಿಸಿದ್ದ ವಿಸ್ತರಣೆ ನಿಂತಿತು. ಮುಗಿಯದ ಆ ಮುಂಗೋಡೆ ಇಂದಿಗೂ ಆಕಾಶಕ್ಕೆ ತೆರೆದುಕೊಂಡು ನಿಂತಿದೆ. ಅದರ ತುದಿಗೇರಿ ಊರನ್ನೆಲ್ಲ ನೋಡಬಹುದು.

ಜುಲೈ 2 ಮತ್ತು ಆಗಸ್ಟ್ 16ರಂದು ಇಲ್ಲಿ ಪಾಲಿಯೊ ಎಂಬ ಕುದುರೆ ಪಂದ್ಯ. ಹದಿನೇಳು ಮೊಹಲ್ಲಗಳಲ್ಲಿ ಹತ್ತರ ಕುದುರೆಗಳು ಚೌಕವನ್ನು ಮೂರು ಸುತ್ತು ಸುತ್ತುತ್ತವೆ. ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಆ ಒಂದೂವರೆ ನಿಮಿಷಕ್ಕಾಗಿ ಗಂಟೆಗಟ್ಟಲೆ ಬಿಸಿಲಲ್ಲಿ ನಿಲ್ಲುವ ಉತ್ಸಾಹವಿಲ್ಲದವರು, ಮುಖ್ಯವಾಗಿ ಚಿಕ್ಕ ಮಕ್ಕಳುಳ್ಳವರು, ಬೇರೆ ದಿನ ಹೋಗುವುದು ವಾಸಿ.

ಸಾನ್ ಜಿಮಿನ್ಯಾನೊ ಎಂಬ ಪ್ರಲೋಭನೆ

ಹಳೆಯ ಶ್ರೀಮಂತರ ಪೈಪೋಟಿಯಿಂದ ಎದ್ದ ಗೋಪುರಗಳ ಪುಟ್ಟ ಊರು ಇದು. ಎಪ್ಪತ್ತೆರಡು ಇದ್ದವೆನ್ನುತ್ತಾರೆ, ಈಗ ಉಳಿದಿರುವುದು ಹದಿನಾಲ್ಕು. ದೂರದಿಂದ ನೋಡಿದವರಿಗೆ ಅದನ್ನು ಬಿಡಲು ಮನಸ್ಸಾಗದು. ಸಿಯೆನಾದ ಬಾಲಕ್ಕೆ ಇದನ್ನು ಕಟ್ಟುವವರು ಆದುದರಿಂದಲೇ ಅನೇಕರು. ಆದರೆ ಊರಿಗೆ ರೈಲಿಲ್ಲ. ಫ್ಲಾರೆನ್ಸಿನಿಂದ ಪೊಜ್ಜಿಬೊನ್ಸಿಗೆ ಹೋಗಿ ಅಲ್ಲಿ ಬಸ್ಸು ಬದಲಾಯಿಸಬೇಕು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬಸ್ಸುಗಳು ತೀರ ಕಡಿಮೆ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಬಾಡಿಗೆ ಕಾರಿಗೆ ತೆರುವ ಹಣ ಇಡೀ ದಿನದ ಖರ್ಚನ್ನು ಮೀರೀತು. ಹೋಗುವುದಾದರೆ ಇದಕ್ಕೇ ಒಂದು ದಿನ ಮೀಸಲಿಡಬೇಕು. ಇಳಿದ ಕೂಡಲೇ ಮೊದಲು ಹಿಂತಿರುಗುವ ಬಸ್ಸಿನ ವೇಳೆಯನ್ನು ಬರೆದುಕೊಳ್ಳಬೇಕು, ಆಮೇಲೆ ಗೋಪುರಗಳ ಕಡೆ ತಲೆಯೆತ್ತಬೇಕು.

ಅರೆತ್ಸೊ: ವಿಜಯನಗರದ ನೆನಪಿನ ದಾರಿ

ಜನಜಂಗುಳಿಯಿಂದ ಬೇಸತ್ತವರಿಗೆ ಆಗ್ನೇಯದ ಅರೆತ್ಸೊ ಇದೆ. ಸಾನ್ ಫ್ರಾಂಚೆಸ್ಕೊ ದೇವಾಲಯದ ಗರ್ಭಗುಡಿಯಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಹದಿನೈದನೆಯ ಶತಮಾನದಲ್ಲಿ ಬರೆದ ಶಿಲುಬೆಯ ಕಥಾಚಿತ್ರಗಳೇ ಅಲ್ಲಿನ ಸಂಪತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ದಿನ ಹಳೆಯ ವಸ್ತುಗಳ ಸಂತೆ, 1968ರಿಂದ ನಡೆದುಬಂದಿದೆ.

ಕನ್ನಡಿಗನಿಗೆ ಈ ದಾರಿಯೇ ಒಂದು ನೋಟ. ಹಳೆಯ ಮಾರ್ಗದ ನಿಧಾನದ ರೈಲು ನಡುವೆ ನಿಲ್ಲುವ ಒಂದು ನಿಲ್ದಾಣದ ಹೆಸರಿನಲ್ಲಿ ತೆರ್ರನುವೋವಾ ಬ್ರಾಚ್ಚೊಲೀನಿ ಎಂಬ ಊರೂ ಸೇರಿದೆ. ಪೋಪರ ಕಾರ್ಯದರ್ಶಿಯೂ ದೊಡ್ಡ ವಿದ್ವಾಂಸನೂ ಆಗಿದ್ದ ಪೋಜ್ಜೊ ಬ್ರಾಚ್ಚೊಲೀನಿ 1380ರಲ್ಲಿ ಹುಟ್ಟಿದುದು ಆ ಊರಿನಲ್ಲಿ. 1420ರ ಸುಮಾರಿಗೆ ವಿಜಯನಗರವನ್ನು ಕಂಡ ವೆನಿಸ್ ಕಡೆಯ ವರ್ತಕ ನಿಕೋಲೋ ಕೊಂಟಿ, ಕಾಲು ಶತಮಾನ ಅಲೆದು ಮರಳಿ ಬಂದ ಮೇಲೆ ತನ್ನ ಕಥೆಯನ್ನು ಹೇಳಿದುದು ಈ ಪೋಜ್ಜೊನಿಗೆ. ಬೆಟ್ಟಗಳ ನಡುವೆ ಅರವತ್ತು ಮೈಲಿ ಸುತ್ತಳತೆಯ ನಗರವೊಂದಿದೆ ಎಂಬ ವರದಿಯನ್ನು ಯೂರೋಪಿನ ವಿದ್ವಾಂಸರು ಓದಿದುದು ಪೋಜ್ಜೊನ ಲ್ಯಾಟಿನ್ ಬರಹದಲ್ಲಿ. ನಿಲ್ದಾಣದಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. ಆದರೆ ಹಂಪೆಯನ್ನು ಬಲ್ಲವರಿಗೆ ಅಷ್ಟು ಸಾಕು.

ದೂರದ ಊರುಗಳು

ವೇಗದ ರೈಲಿನಲ್ಲಿ ಬೊಲೋನ್ಯಾಕ್ಕೆ ಸುಮಾರು ನಲವತ್ತು ನಿಮಿಷ. 1088ರಷ್ಟು ಹಿಂದಿನದೆಂದು ಹೇಳುವ ವಿಶ್ವವಿದ್ಯಾನಿಲಯ, ಮಳೆಬಿಸಿಲುಗಳೆರಡಕ್ಕೂ ಅಂಜದೆ ನಡೆಯಬಹುದಾದ ಕಮಾನುಸಾಲುಗಳು ಅಲ್ಲಿನ ವಿಶೇಷ. ಅದು ದಿನದ ಸಂಚಾರಕ್ಕೆ ಒಗ್ಗುತ್ತದೆ. ರೋಮಿಗೆ ಒಂದೂವರೆ ಗಂಟೆ, ವೆನಿಸಿಗೆ ಎರಡು ಗಂಟೆ ಎಂಬ ಫಲಕವನ್ನು ಕಂಡು ಮನಸ್ಸು ಚಂಚಲವಾಗಬಹುದು. ಆದರೆ ಆ ನಗರಗಳಿಗೆ ಒಂದು ಹಗಲು ಕೊಡುವುದು, ಹಬ್ಬದೂಟಕ್ಕೆ ಕುಳಿತು ಉಪ್ಪನ್ನಷ್ಟೇ ನೆಕ್ಕಿ ಎದ್ದಂತೆ. ಕಡಲಂಚಿನ ಚಿಂಕ್ವೆ ತೆರ್ರೆ ಹಳ್ಳಿಗಳಿಗೂ ಹೋಗಲು ಎರಡು ಗಂಟೆಗೆ ಮೇಲೆ, ಬರಲು ಅಷ್ಟೇ. ರಾತ್ರಿ ತಂಗುವುದಾದರೆ ಮಾತ್ರ ಹೋಗಬೇಕು.

ಗಂಟಿಗೆ ಕಟ್ಟಿಕೊಳ್ಳಬೇಕಾದ ಬುತ್ತಿ

ವೇಳಾಪಟ್ಟಿಯಲ್ಲಿ ಎರಡು ಮಾತು ಕಲಿತಿರಬೇಕು. ಫೆರಿಯಾಲೆ ಎಂದರೆ ಕೆಲಸದ ದಿನ. ಶನಿವಾರವೂ ಅದರಲ್ಲಿ ಸೇರಿದೆ. ಫೆಸ್ತೀವೊ ಎಂದರೆ ಭಾನುವಾರ ಮತ್ತು ಹಬ್ಬ. ಇವನ್ನು ಅದಲುಬದಲಾಗಿ ಓದಿದವರು ಬಾರದ ಬಸ್ಸಿಗೆ ಕಾಯುತ್ತಾರೆ. ಮೂರನೆಯ ಮಾತು ಶೋಪೆರೊ, ಎಂದರೆ ಮುಷ್ಕರ. ಮೊದಲೇ ಸಾರಿ ಮಾಡುವುದು ವಾಡಿಕೆ. ಕೆಲಸದ ದಿನಗಳಲ್ಲಾದರೆ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತರವರೆಗೆ ಗೊತ್ತಾದ ಪ್ರಾಂತೀಯ ರೈಲುಗಳು ಓಡುತ್ತವೆ. ಪ್ರಾಂತೀಯ ರೈಲಿಗೆ ಕೊಂಡ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲೇ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕಾದೀತು.

ಪ್ಲಾಟ್‌ಫಾರಂ ಸಂಖ್ಯೆ ಕಿವಿಗೆ ಬಿದ್ದಾಗ ಗಾಬರಿಯಾಗಬೇಕಾಗಿಲ್ಲ. ಏಳು ಸೆತ್ತೆ, ಎಂಟು ಒತ್ತೊ, ಒಂಬತ್ತು ನೋವೆ. ಸಪ್ತ, ಅಷ್ಟ, ನವ ಬಲ್ಲವರಿಗೆ ಕಷ್ಟವೇನು? ಈ ಹೋಲಿಕೆಯನ್ನು 1580ರ ದಶಕದಲ್ಲಿಯೇ ಗಮನಿಸಿ ಭಾರತದಿಂದ ಊರಿಗೆ ಪತ್ರ ಬರೆದವನು ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಸ್ಸೆತ್ತಿ. ಅವನು 1588ರಲ್ಲಿ ಗೋವೆಯಲ್ಲಿ ತೀರಿಕೊಂಡನು.

ಊಟದ ವಿಚಾರದಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವ ಭಯವಿಲ್ಲ. ಪೀಸಾ, ಲುಕ್ಕಾ ಕಡೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸುವ ಚೆಚೀನಾ ಎಂಬ ತಿಂಡಿ ನಮ್ಮ ನಾಲಗೆಗೆ ಪರಕೀಯವೆನಿಸದು. ತಂಗಳು ಬ್ರೆಡ್ಡು ಮತ್ತು ಟೊಮೇಟೊ ಬೇಯಿಸಿದ ಪಪ್ಪಾ, ಹುರುಳಿಕಾಯಿ ಬೀಜ, ಎಲೆಕೋಸು ಸೇರಿಸಿದ ರಿಬೊಲ್ಲೀತಾ ಇವೆ. ಮಾಂಸದ ಸಾರು ಸೇರಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಅಡುಗೆಯವನು ಮರೆತನೆಂದು ಭಾವಿಸಬಾರದು. ದೇವಾಲಯಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಉಡುಗೆ ಬೇಕು. ಸೀರೆಯುಟ್ಟ ಅಜ್ಜಿಗೆ ಆ ಚಿಂತೆಯಿಲ್ಲ.

ಉಳಿದ ಅರ್ಧ ದಿನ

ಇಷ್ಟೆಲ್ಲ ಆದ ಮೇಲೂ ಅರ್ಧ ದಿನ ಮಿಕ್ಕಿದರೆ 7ನೆಯ ಸಂಖ್ಯೆಯ ನಗರ ಬಸ್ಸು ಹತ್ತಿ ಗುಡ್ಡದ ಮೇಲಿನ ಫಿಯೆಸೊಲೆಗೆ ಹೋಗಿ, ರೋಮನರ ರಂಗಮಂದಿರದ ಕಲ್ಲುಮೆಟ್ಟಿಲ ಮೇಲೆ ಕುಳಿತು ಬರಬಹುದು. ಅಥವಾ ಊರು ಬಿಡದೆ ಕಾಶೀನೆ ಉದ್ಯಾನದ ಪಶ್ಚಿಮದ ತುದಿಯವರೆಗೆ ನಡೆಯಬಹುದು. ಮುಞ್ಞೋನೆ ತೊರೆ ಆರ್ನೋ ನದಿಯನ್ನು ಸೇರುವ ಆ ಸಂಗಮದಲ್ಲಿ, ಛತ್ರಿಯ ಕೆಳಗೆ, ಪೇಟ ತೊಟ್ಟ ತರುಣನೊಬ್ಬನ ಪ್ರತಿಮೆ ಇದೆ. ಬೆಳಗಾವಿಯ ನೆರೆಯ ಕೊಲ್ಲಾಪುರದ ಮಹಾರಾಜ ರಾಜಾರಾಮ ಅವನು. ಇಂಗ್ಲೆಂಡಿನ ಪ್ರವಾಸ ಮುಗಿಸಿ ಸ್ವದೇಶಕ್ಕೆ ಮರಳುತ್ತಿದ್ದಾಗ ಫ್ಲಾರೆನ್ಸಿನಲ್ಲಿ 1870ರ ನವೆಂಬರ್ 30ರಂದು, ಇಪ್ಪತ್ತರ ಹರೆಯದಲ್ಲಿ, ತೀರಿಕೊಂಡನು. ಜೊತೆಯವರು ಅಲ್ಲಿಯೇ ನದಿಯ ದಡದಲ್ಲಿ ಶಾಸ್ತ್ರೋಕ್ತವಾಗಿ ಅಗ್ನಿಸಂಸ್ಕಾರ ಮಾಡಿದರು. 1874ರಲ್ಲಿ ಸ್ಮಾರಕವೆದ್ದಿತು. ಸಮೀಪದ ದೊಡ್ಡ ಸೇತುವೆಯನ್ನು ಊರವರು ಇಂದಿಗೂ ಇಂಡಿಯದವನ ಸೇತುವೆಯೆಂದೇ ಕರೆಯುತ್ತಾರೆ.

ಯಾವ ಪಟ್ಟಿಯಲ್ಲಿಯೂ ಇಲ್ಲದ ಸ್ಥಳ ಅದು. ಎರಡು ದಿನಕ್ಕೆ ಐದು ಊರು ಹಚ್ಚಿಕೊಂಡವರಿಗೆ ಅಲ್ಲಿಗೆ ಹೋಗಲು ಹೊತ್ತೆಲ್ಲಿಯದು? ಪಟ್ಟಿಯಿಂದ ಮೂರು ಹೆಸರನ್ನು ಹೊಡೆದುಹಾಕಿ ಯಜಮಾನರು ಪೀಸಾದ ಟಿಕೆಟ್ಟು ಕೊಂಡರೆ, ಸಂಜೆ ಲುಕ್ಕಾದ ಗೋಡೆಯ ಮೇಲಿನ ಬೆಂಚಿನಲ್ಲಿ ಅಜ್ಜಿ ಕಾಲು ನೀಡಿ ಕೂರುತ್ತಾರೆ; ಮಕ್ಕಳು ಸೈಕಲ್ಲಿನ ಮೇಲೆ ಸುತ್ತು ಬರುತ್ತಾರೆ. ಊರಿಗೆ ಮರಳಿದ ಮೇಲೆ ಮನೆಯವರೆಲ್ಲ ಮತ್ತೆ ಮತ್ತೆ ಮಾತಾಡುವುದು ಆ ಸಂಜೆಯನ್ನೇ.